ಹಿಟ್ಟಿನ ಹುಂಜ, ಕಾಗದದ ಗುರಿ

ಜನ್ನ 1209ರಲ್ಲಿ ರಚಿಸಿದ ‘ಯಶೋಧರ ಚರಿತೆ’ ಒಂದು ಹಿಟ್ಟಿನ ಹುಂಜದ ಸುತ್ತ ಕಟ್ಟಿದ ಕಾವ್ಯ. ಕೆಟ್ಟ ಕನಸಿನ ಶಾಂತಿಗಾಗಿ ದೇವಿಗೆ ಬಲಿ ಕೊಡಲೇಬೇಕೆಂದು ತಾಯಿ ಚಂದ್ರಮತಿ ಹಟ ಹಿಡಿಯುತ್ತಾಳೆ. ಜೀವ ತೆಗೆಯಲು ಮಗ ಯಶೋಧರನಿಗೆ ಮನಸ್ಸಿಲ್ಲ. ತಾಯಿಯ ಮಾತನ್ನು ಮೀರಲೂ ಆಗದೆ, ಹಿಟ್ಟಿನಲ್ಲಿ ಹುಂಜ ಮಾಡಿಸಿ ಅದನ್ನೇ ಕಡಿಯುವ ರಾಜಿಗೆ ಬರುತ್ತಾನೆ. ಕತ್ತಿಗೆ ಸಿಕ್ಕಿದ್ದು ಬರೀ ಹಿಟ್ಟು. ಆದರೂ ತಾಯಿ ಮಗ ಇಬ್ಬರೂ ಅದರ ಫಲವನ್ನು ನವಿಲು, ನಾಯಿ ಮೊದಲಾದ ಜನ್ಮಗಳಲ್ಲಿ ಹುಟ್ಟಿ ಸತ್ತು ಉಣ್ಣಬೇಕಾಗುತ್ತದೆ. ಕೊಲ್ಲುವ ಸಂಕಲ್ಪ ಮಾಡಿದಲ್ಲಿ ಕೊಲೆಯ ಕರ್ಮ ಅಂಟಿತು ಎನ್ನುವುದು ಕಾವ್ಯದ ತೀರ್ಪು. ಎಂಟು ಶತಮಾನಗಳ ಹಿಂದಿನ ಈ ತೀರ್ಪು ಇವತ್ತಿಗೂ ಕೆಲವು ಸಂತೋಷಗಳನ್ನು ನಿಲ್ಲಿಸಿ ಪ್ರಶ್ನೆ ಕೇಳುತ್ತದೆ. ಹಳೆಯ ಪಿಸ್ತೂಲನ್ನು ಪ್ರೀತಿಯಿಂದ ಒರೆಸಿ, ಎಣ್ಣೆ ಹಾಕಿ, ಕಾಗದದ ಗುರಿಗೆ ಗುಂಡು ಹೊಡೆದು ಖುಷಿಪಡುವವನ ಸಂತೋಷ ಅಂಥದ್ದು. ‘ನಾನು ಯಾರನ್ನೂ ಕೊಂದಿಲ್ಲ, ಹರಿದದ್ದು ಕಾಗದ’ ಎಂದು ಅವನು ಹೇಳಿದರೆ ಯಶೋಧರನೂ ಅದೇ ಮಾತು ಹೇಳಬಹುದಿತ್ತು. ಈ ಸಂತೋಷ ನಿರ್ದೋಷವಾಗಿರಲು ಸಾಧ್ಯ ಎಂಬುದು ನನ್ನ ವಾದ. ಆದರೆ ಅದನ್ನು ಉಳಿಸುವುದು ಕಾಗದವಾಗಲಿ, ಪಿಸ್ತೂಲಿನ ಹಳಮೆಯಾಗಲಿ ಅಲ್ಲ. ಹೊಡೆಯುವವನ ಎಚ್ಚರ ಒಂದು, ಅವನ ಮನಸ್ಸಿನಲ್ಲಿ ಶತ್ರು ಇಲ್ಲದಿರುವುದು ಇನ್ನೊಂದು. ಈ ಎರಡರಲ್ಲಿ ಒಂದು ತಪ್ಪಿದರೂ ಹಿಟ್ಟಿನ ಹುಂಜದ ತೀರ್ಪು ಅವನ ಮೇಲೂ ಬೀಳುತ್ತದೆ.

ಮೊದಲು ವಸ್ತುವನ್ನೇ ಹತ್ತಿರದಿಂದ ನೋಡಬೇಕು. ಈ ಹವ್ಯಾಸ ಹೆಚ್ಚು ಬೇರೂರಿರುವುದು ಅಮೆರಿಕದಲ್ಲಿ. ಅಲ್ಲಿ ಅದರ ಅಚ್ಚುಮೆಚ್ಚು .22 ರಿಮ್‌ಫೈರ್ ಪಿಸ್ತೂಲು. ರಿಮ್‌ಫೈರ್ ಕಾಡತೂಸಿನಲ್ಲಿ ಕಿಡಿ ಹುಟ್ಟಿಸುವ ಮದ್ದು ಹಿತ್ತಾಳೆ ಕೊಳವೆಯ ತಳದ ಅಂಚಿನ ಮಡಿಕೆಯೊಳಗೆ ಇರುತ್ತದೆ. ಟ್ರಿಗರ್ ಒತ್ತಿದಾಗ ಪಿನ್ನು ಆ ಅಂಚನ್ನು ಜಜ್ಜುತ್ತದೆ, ಮದ್ದು ಸಿಡಿದು ಒಳಗಿನ ಪುಡಿಗೆ ಕಿಡಿ ಹತ್ತುತ್ತದೆ, ಹುಟ್ಟಿದ ಬಿಸಿ ಅನಿಲ ಗುಂಡನ್ನು ತಳ್ಳುತ್ತದೆ. ಜಜ್ಜಲು ಬರಬೇಕಾದರೆ ಅಂಚು ತೆಳುವಾಗಿರಬೇಕು. ತೆಳುವಾದದ್ದು ಹೆಚ್ಚು ಒತ್ತಡ ತಾಳದು. ಹಾಗಾಗಿ ಸದ್ದು ಸಣ್ಣದು, ಕೈಗೆ ಬರುವ ಒದೆತ ಅತ್ಯಲ್ಪ, ಗುಂಡಿನ ತೂಕ ಎರಡೂವರೆ ಗ್ರಾಮಿನ ಆಸುಪಾಸು. 1845ರ ಹೊತ್ತಿಗೆ ಪ್ಯಾರಿಸ್ಸಿನಲ್ಲಿ ಲೂಯಿ ನಿಕೊಲಾ ಫ್ಲೋಬೇರ್ ಇಂಥ ಕಾಡತೂಸನ್ನು ಮಾಡಿದಾಗ ಅದರ ಬಳಕೆ ಇದ್ದದ್ದು ಮನೆಯ ಹಜಾರದಲ್ಲಿ ಗುರಿಯಾಟ ಆಡುವುದಕ್ಕೆ. 1857ರಲ್ಲಿ ಸ್ಮಿತ್ ಅಂಡ್ ವೆಸನ್ ಅದನ್ನು ಏಳು ಗುಂಡಿನ ಪುಟ್ಟ ರಿವಾಲ್ವರಿಗೆ ತಂದಿತು. 1887ರಲ್ಲಿ ಸ್ಟೀವನ್ಸ್ ಕಂಪನಿಯಿಂದ .22 ಲಾಂಗ್ ರೈಫಲ್ ಕಾಡತೂಸು ಬಂತು. ಇಂದಿಗೂ ಬಳಕೆಯಲ್ಲಿರುವುದು ಅದೇ. 1915ರಲ್ಲಿ ಜಾನ್ ಬ್ರೌನಿಂಗ್ ವಿನ್ಯಾಸ ಮಾಡಿದ ಕೋಲ್ಟ್ ಪಿಸ್ತೂಲು ಮಾರುಕಟ್ಟೆಗೆ ಬಂತು. 1927ರಲ್ಲಿ ಅದಕ್ಕೆ ವುಡ್ಸ್‌ಮನ್ ಎಂಬ ಹೆಸರಾಯಿತು, 1977ರವರೆಗೂ ಅದು ತಯಾರಾಗುತ್ತಿತ್ತು. 1949ರಲ್ಲಿ ವಿಲಿಯಂ ರೂಗರ್ ಮತ್ತು ಅಲೆಕ್ಸಾಂಡರ್ ಸ್ಟರ್ಮ್ ಎರಡು ಉಕ್ಕಿನ ತಗಡುಗಳನ್ನು ಅಚ್ಚೊತ್ತಿ ಬೆಸುಗೆ ಹಾಕಿದ ಚೌಕಟ್ಟಿನ ಪಿಸ್ತೂಲನ್ನು 37.50 ಡಾಲರಿಗೆ ಮಾರತೊಡಗಿದರು. ಹಿಡಿಯ ಮೇಲಿನ ಹದ್ದಿನ ಲಾಂಛನ ಸ್ಟರ್ಮ್ ಬರೆದದ್ದು, ಕೆಂಪು ಬಣ್ಣದ್ದು. 1951ರಲ್ಲಿ ಆತ ಎಳೆಯ ವಯಸ್ಸಿನಲ್ಲೇ ತೀರಿಕೊಂಡಾಗ ರೂಗರ್ ಆ ಹದ್ದನ್ನು ಕಪ್ಪು ಮಾಡಿಸಿದರು. ಕೆಂಪು ಹದ್ದಿನ ಪಿಸ್ತೂಲಿಗಾಗಿ ಸಂಗ್ರಾಹಕರು ಹುಡುಕಾಡುವುದು ಅದು ವಿರಳವೆಂಬ ಕಾರಣಕ್ಕೆ ಮಾತ್ರವಲ್ಲ. ಇಬ್ಬರು ಗೆಳೆಯರು ಕೂಡಿ ದುಡಿದ ಎರಡು ವರ್ಷ ಆ ಗುಂಡಿಯಷ್ಟು ಲಾಂಛನದಲ್ಲಿ ಉಳಿದಿದೆ.

ಹೀಗೆ ಹೇಳಿದರೆ ಆಕರ್ಷಣೆಯ ಅರ್ಧ ಮಾತ್ರ ಹೇಳಿದಂತೆ. ಗಾಜಿನ ಪೆಟ್ಟಿಗೆಯಲ್ಲಿಟ್ಟು ನೋಡುವುದಕ್ಕೆ ಇಷ್ಟೇ ಸಾಕು. ಅದನ್ನು ಹಿಡಿದು ಹೊಡೆಯುವವನಿಗೆ ಸಿಗುವುದು ಬೇರೆಯೇ. ಒದೆತವಿಲ್ಲದ ಪಿಸ್ತೂಲಿನಲ್ಲಿ ತಪ್ಪಿಗೆ ನೆಪವಿಲ್ಲ. ದೊಡ್ಡ ಬೋರಿನ ಪಿಸ್ತೂಲು ಕೈಯಲ್ಲಿ ಎಗರಿದಾಗ ಗುಂಡು ಎಲ್ಲಿಗೆ ಹೋಯಿತೆಂಬ ಹೊಣೆಯನ್ನು ಅರ್ಧ ಪಿಸ್ತೂಲಿನ ಮೇಲೆ ಹೊರಿಸಬಹುದು. .22 ಹಾಗೆ ಮಾಡಗೊಡುವುದಿಲ್ಲ. ಉಸಿರು ಎಲ್ಲಿ ನಿಂತಿತು, ಬೆರಳು ನೇರ ಹಿಂದಕ್ಕೆ ಬಂತೋ ಪಕ್ಕಕ್ಕೆ ಎಳೆಯಿತೋ, ಸದ್ದು ಬರುವ ಮೊದಲೇ ಕಣ್ಣು ಮುಚ್ಚಿತೋ ಎಂಬುದೆಲ್ಲ ಕಾಗದದ ಮೇಲೆ ತೂತಾಗಿ ಮೂಡುತ್ತದೆ. ಹಂಗೆರಿಯ ಸೈನಿಕ ಕಾರೊಯ್ ಟಾಕಾಚ್‌ನ ಬಲಗೈ 1938ರಲ್ಲಿ ಗ್ರೆನೇಡ್ ಸಿಡಿದು ಹಾಳಾಯಿತು. ಆತ ಎಡಗೈಯಲ್ಲಿ ಮೊದಲಿನಿಂದ ಕಲಿತು 1948ರ ಲಂಡನ್ನಿನಲ್ಲಿ, ಮತ್ತೆ 1952ರ ಹೆಲ್ಸಿಂಕಿಯಲ್ಲಿ ರ್‍ಯಾಪಿಡ್ ಫೈರ್ ಪಿಸ್ತೂಲ್ ವಿಭಾಗದ ಒಲಿಂಪಿಕ್ ಚಿನ್ನ ಗೆದ್ದ. ಕೈ ಬದಲಾದರೂ ಕಲೆ ಉಳಿಯಿತೆಂದರೆ ಅದರ ಮನೆ ಸ್ನಾಯುವಿಗಿಂತ ಒಳಗೆಲ್ಲೋ ಇದೆ ಎಂದಾಯಿತು. ಮುಂಡಕೋಪನಿಷತ್ತು ಪ್ರಣವವನ್ನು ಬಿಲ್ಲಾಗಿ, ಆತ್ಮವನ್ನು ಬಾಣವಾಗಿ, ಬ್ರಹ್ಮವನ್ನು ಗುರಿಯಾಗಿ ಕಾಣುವಾಗ, ಮೈಮರೆಯದವನು ಮಾತ್ರ ಆ ಗುರಿಯನ್ನು ಭೇದಿಸಬಲ್ಲನೆಂದು ಹೇಳುತ್ತದೆ. ಆಯುಧವೊಂದರ ಚಿತ್ರವನ್ನು ಋಷಿ ಆರಿಸಿಕೊಂಡದ್ದು ಕೊಲ್ಲುವ ಶಕ್ತಿಗಾಗಿ ಇರಲಾರದು. ಚದುರಿದ ಮನಸ್ಸನ್ನು ಒಂದು ಬಿಂದುವಿಗೆ ತರುವ ಶಿಸ್ತು ಅಲ್ಲಿ ಎಲ್ಲರ ಕಣ್ಣಿಗೂ ಕಾಣುವಂತಿತ್ತು.

ದ್ರೋಣನ ಪರೀಕ್ಷೆಯನ್ನೂ ಇಲ್ಲಿ ನೆನೆಯಬೇಕು. ಅರ್ಜುನನಿಗೆ ಕಂಡದ್ದು ಹಕ್ಕಿಯ ಕಣ್ಣೊಂದೇ ಎಂದು ಕಥೆ ಹೇಳುವವರು ಹೇಳುತ್ತಾರೆ. ವ್ಯಾಸಭಾರತದಲ್ಲಿ ಅದು ತಲೆ. ಹಲವರು ಮರೆಯುವುದೇನೆಂದರೆ, ಮರದ ಮೇಲೆ ಇಟ್ಟದ್ದು ಶಿಲ್ಪಿಗಳಿಂದ ಮಾಡಿಸಿದ ಕೃತಕ ಹಕ್ಕಿ. ನಮ್ಮ ಪರಂಪರೆಯಲ್ಲಿ ಹೀಗೆ ಎರಡು ಸುಳ್ಳು ಹಕ್ಕಿಗಳಿವೆ. ಒಂದನ್ನು ಹೊಡೆದವನು ಶಿಷ್ಯೋತ್ತಮನಾದ, ಇನ್ನೊಂದನ್ನು ಕಡಿದವನು ಜನ್ಮಜನ್ಮಾಂತರ ಅಲೆದ. ಎರಡಕ್ಕೂ ಜೀವವಿರಲಿಲ್ಲ. ವ್ಯತ್ಯಾಸ ಇರುವುದು ಹೊಡೆದವರ ಮನಸ್ಸು ಬೇಡಿದ್ದರಲ್ಲಿ. ಅರ್ಜುನನಿಗೆ ಹಕ್ಕಿ ಸಾಯಬೇಕಾಗಿರಲಿಲ್ಲ, ತನ್ನ ನೋಟ ನೇರವಾಗಿದೆಯೇ ಎಂದು ತಿಳಿಯಬೇಕಿತ್ತು. ಯಶೋಧರನ ವಿಧಿಗೆ ಸಾವು ಬೇಕೇ ಬೇಕಿತ್ತು. ಹಿಟ್ಟು ಆ ಸಾವಿನ ಬದಲಿಗೆ ಬಂದದ್ದು. ಕಾಗದದ ಗುರಿ ಯಾವುದರ ಬದಲಿಗೆ ಬಂದಿದೆ ಎಂದು ಹೊಡೆಯುವವನು ತನ್ನನ್ನೇ ಕೇಳಿಕೊಳ್ಳಬೇಕು. ಕಪ್ಪು ಬಿಳಿ ವೃತ್ತಗಳ ಗುರಿ ಯಾರನ್ನೂ ಹೋಲುವುದಿಲ್ಲ. ಮನುಷ್ಯನ ಆಕಾರ ಕತ್ತರಿಸಿದ ಗುರಿ ಹೋಲುತ್ತದೆ. ಹಳೆಯ ಕಾಲದ ಕ್ರೀಡೆಯೂ ಇದರಿಂದ ಹೊರತಾಗಿರಲಿಲ್ಲ: 1906ರ ಅಥೆನ್ಸ್ ಕೂಟದಲ್ಲಿ ಕೋಟು ತೊಡಿಸಿದ ಬೊಂಬೆಗಳಿಗೆ ದ್ವಂದ್ವಯುದ್ಧದ ಪಿಸ್ತೂಲಿನಿಂದ ಹೊಡೆಯುವ ಸ್ಪರ್ಧೆಯಿತ್ತು. ಟಾಕಾಚ್ ಚಿನ್ನ ಗೆದ್ದ ಗುರಿಗಳೂ ಮನುಷ್ಯಾಕಾರದವೇ. ಆ ವಿಭಾಗಕ್ಕೆ ವೃತ್ತದ ಗುರಿ ಬಂದದ್ದು 1980ರ ದಶಕದ ಕೊನೆಗೆ. ಆ ಬದಲಾವಣೆ ನನ್ನ ದೃಷ್ಟಿಯಲ್ಲಿ ಕ್ರೀಡೆಯ ನಿಯಮಾವಳಿಯ ಸಣ್ಣ ತಿದ್ದುಪಡಿಗಿಂತ ದೊಡ್ಡದು. ಮನುಷ್ಯನ ಎದೆಯ ಆಕಾರಕ್ಕೆ ಹವ್ಯಾಸಕ್ಕೆಂದು ಗುಂಡು ಹೊಡೆಯುವುದನ್ನು ನಾನು ಒಪ್ಪಲಾರೆ. ಅಲ್ಲಿ ಕಾಗದ ಹಿಟ್ಟಿನ ಕೆಲಸ ಮಾಡುತ್ತಿರುತ್ತದೆ.

ಎಚ್ಚರದ ಮಾತಿಗೆ ಬಂದರೆ ಜೈನ ಚಿಂತನೆ ಇನ್ನೂ ಖಚಿತವಾಗಿದೆ. ಉಮಾಸ್ವಾತಿ ‘ತತ್ತ್ವಾರ್ಥಸೂತ್ರ’ದಲ್ಲಿ ಹಿಂಸೆಯನ್ನು ಪ್ರಾಣಹರಣ ಎಂದಷ್ಟೇ ಹೇಳಿ ನಿಲ್ಲಿಸುವುದಿಲ್ಲ, ಪ್ರಮಾದದಿಂದ, ಅಂದರೆ ಕ್ರೋಧ, ಲೋಭದಂಥ ಕಷಾಯಗಳಿಗೆ ಒಳಗಾಗಿ ಎಚ್ಚರ ತಪ್ಪಿ ನಡೆಯುವುದರಿಂದ ಆಗುವ ಪ್ರಾಣಹರಣ ಎನ್ನುತ್ತಾನೆ. ಕನ್ನಡ ನಾಡಿನೊಂದಿಗೆ ನಂಟಿದ್ದ ಪೂಜ್ಯಪಾದ ಅದರ ವ್ಯಾಖ್ಯಾನದಲ್ಲಿ ಒಂದು ಹೆಜ್ಜೆ ಮುಂದೆ ಹೋಗುತ್ತಾನೆ: ನೋಡಿ ನಡೆಯುವವನ ಕಾಲಡಿ ಅರಿಯದೆ ಹುಳ ಸತ್ತರೂ ಅವನಿಗೆ ದೋಷ ಅಂಟದು, ನೋಡದೆ ನಡೆಯುವವನಿಗೆ ಹುಳ ಬದುಕಿಕೊಂಡರೂ ದೋಷ ತಪ್ಪದು. ಶೂಟಿಂಗ್ ರೇಂಜಿನ ನಿಯಮಗಳನ್ನು ಇದರ ಪಕ್ಕ ಇಟ್ಟು ಓದಬೇಕು. ಪ್ರತಿ ಪಿಸ್ತೂಲಿನಲ್ಲೂ ಗುಂಡಿದೆ ಎಂದೇ ತಿಳಿಯಬೇಕು. ನಾಶವಾಗಬಾರದ ಯಾವುದರ ಕಡೆಗೂ ನಳಿಕೆ ತಿರುಗಕೂಡದು. ಗುರಿ ಕೂಡುವ ತನಕ ಬೆರಳು ಟ್ರಿಗರಿನ ಹೊರಗಿರಬೇಕು. ಗುರಿ ಯಾವುದು, ಗುರಿಯ ಆಚೆ ಏನಿದೆ ಎಂದು ಗೊತ್ತಿರಬೇಕು. ಯಾರಿಗೂ ಗಾಯವಾಗದಿದ್ದರೂ ನಳಿಕೆ ಪಕ್ಕದವನ ಕಡೆ ತಿರುಗಿದ್ದಕ್ಕೇ ಒಬ್ಬನನ್ನು ರೇಂಜಿನಿಂದ ಹೊರಗೆ ಕಳಿಸುತ್ತಾರೆ. ಹುಳ ಬದುಕಿಕೊಂಡರೂ ದೋಷ ತಪ್ಪದು ಎಂಬ ಮಾತಿನ ಆಚರಣೆಯೇ ಇದು. ಕೊನೆಯ ನಿಯಮವಂತೂ ಯಶೋಧರನ ಕಥೆಯೊಳಗೇ ಇದೆ. ತಾಯಿ ಮಗ ಕೊನೆಗೆ ಎರಡು ಕೋಳಿಗಳಾಗಿ ಹುಟ್ಟಿ, ಧರ್ಮದ ಮಾತು ಕೇಳಿ ಸಂತೋಷದಿಂದ ಕೂಗುತ್ತವೆ. ಯಶೋಧರನ ಮಗ ಯಶೋಮತಿ ರಾಣಿಗೆ ತನ್ನ ಶಬ್ದವೇಧಿ ವಿದ್ಯೆ ತೋರಿಸಲು ಆ ಕೂಗಿನತ್ತ ಬಾಣ ಬಿಡುತ್ತಾನೆ. ಸತ್ತದ್ದು ಅವನ ತಂದೆ ಮತ್ತು ಅಜ್ಜಿ. ಅವನ ಗುರಿ ತಪ್ಪಿರಲಿಲ್ಲ, ಆದರೆ ಗುರಿ ಯಾರೆಂದು ಅವನು ನೋಡಿರಲಿಲ್ಲ.

ಹಳೆಯ ಪಿಸ್ತೂಲು ಹೊಸದಕ್ಕಿಂತ ಹೆಚ್ಚು ಎಚ್ಚರ ಬೇಡುತ್ತದೆ ಎಂಬುದೂ ನನ್ನ ವಾದಕ್ಕೆ ಒದಗುತ್ತದೆ. 1932ಕ್ಕೆ ಮುಂಚಿನ ವುಡ್ಸ್‌ಮನ್‌ಗಳನ್ನು ಆ ಕಾಲದ ಸಾಧಾರಣ ವೇಗದ ಕಾಡತೂಸಿಗೆಂದು ಮಾಡಿದ್ದು. ಇಂದಿನ ಹೆಚ್ಚು ವೇಗದ ಕಾಡತೂಸು ಹಾಕಿದರೆ ಒಳಗಿನ ಭಾಗಗಳಿಗೆ ಪೆಟ್ಟು. ಖಾಲಿ ಪಿಸ್ತೂಲಿನ ಟ್ರಿಗರ್ ಸುಮ್ಮನೆ ಒತ್ತಿದರೆ ಹಲವು ಹಳೆಯ .22ಗಳಲ್ಲಿ ಪಿನ್ನು ನೇರವಾಗಿ ನಳಿಕೆಯ ಹಿಂಬದಿಯ ಬಾಯಂಚಿಗೆ ಬಡಿಯುತ್ತದೆ. ಅಲ್ಲಿ ಕೂದಲೆಳೆಯಷ್ಟು ಉಕ್ಕು ಒಳಕ್ಕೆ ಮಡಿಚಿ ನಿಂತರೂ ಕಾಡತೂಸು ಸಿಕ್ಕಿಕೊಳ್ಳತೊಡಗುತ್ತದೆ. ಹಾಗಾಗಿ ತಿಳಿದವನು ಕೊಳ್ಳುವ ಮೊದಲು ನಳಿಕೆಯ ಆ ಹಿಂಬಾಯನ್ನು ಬೆಳಕಿಗೆ ಹಿಡಿದು, ಉಗುರಿನ ತುದಿಯಿಂದ ಅಂಚನ್ನು ಮುಟ್ಟಿ ನೋಡುತ್ತಾನೆ. ಆ ಗುರುತು ಹಿಂದಿನ ಒಡೆಯನ ಅಜಾಗರೂಕತೆಯ ದಾಖಲೆ. ಇಂಥ ವಸ್ತುವಿನೊಂದಿಗೆ ಬಾಳಬೇಕಾದರೆ ಅದರ ವಯಸ್ಸು, ತಯಾರಾದ ವರ್ಷ, ಸ್ಪ್ರಿಂಗಿನ ದಣಿವು ಎಲ್ಲವೂ ಗೊತ್ತಿರಬೇಕು. ಮೈಮರೆತವನಿಗೆ ಅದು ದಕ್ಕುವುದಿಲ್ಲ.

ಈ ಹವ್ಯಾಸದ ಪರ ವಾದಿಸುವ ಹಲವರು ಹಿಡಿಯುವ ಸುಲಭದ ದಾರಿಯೊಂದಿದೆ: .22 ಎಂದರೆ ಆಟಿಕೆ, ತಗಡಿನ ಡಬ್ಬಿ ಉರುಳಿಸುವಂಥದ್ದು, ಅದರಲ್ಲಿ ಏನು ಹಿಂಸೆ? ಈ ಸಮರ್ಥನೆ ನಿಲ್ಲುವುದಿಲ್ಲ. 1968ರ ಜೂನ್ 5ರಂದು ಲಾಸ್ ಏಂಜಲೀಸಿನಲ್ಲಿ ರಾಬರ್ಟ್ ಕೆನಡಿಯವರಿಗೆ ತಗುಲಿದ್ದು .22 ರಿವಾಲ್ವರಿನ ಗುಂಡು. ಮರುದಿನ ಅವರು ತೀರಿಕೊಂಡರು. 1981ರ ಮಾರ್ಚ್ 30ರಂದು ಅಧ್ಯಕ್ಷ ರೇಗನ್ ಅವರ ಮೇಲೆ ಹಾರಿದ್ದೂ .22. ಗುರಿಗಾರರು ಮೆಚ್ಚುವ ಹೈ ಸ್ಟ್ಯಾಂಡರ್ಡ್ ಪಿಸ್ತೂಲಿನದೇ ಸದ್ದಡಗಿಸಿದ ರೂಪವನ್ನು ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಗೂಢಚಾರರು ಬಳಸಿದರು. 1960ರ ಮೇ 1ರಂದು ಸೋವಿಯತ್ ನೆಲದ ಮೇಲೆ ಉರುಳಿದ ಯು-2 ವಿಮಾನದ ಪೈಲಟ್ ಗ್ಯಾರಿ ಪವರ್ಸ್ ಬಳಿ ಇದ್ದದ್ದೂ ಅದೇ. ಸದ್ದು ಸಣ್ಣದೆಂಬ, ಒದೆತವಿಲ್ಲವೆಂಬ ಯಾವ ಗುಣಗಳು ಗುರಿಯಾಟಕ್ಕೆ ಹಿತವೋ ಅವೇ ಗುಣಗಳು ಗುಟ್ಟಿನ ಕೊಲೆಗೂ ಒದಗಿದವು. ವಸ್ತುವಿನೊಳಗೆ ಮುಗ್ಧತೆ ಇಲ್ಲ ಎಂದು ಒಪ್ಪಿಕೊಂಡೇ ಮುಂದೆ ಹೋಗಬೇಕು. ಆಟಿಕೆ ಎನ್ನುವವನೇ ಎಲ್ಲರಿಗಿಂತ ಅಪಾಯದವನು. ಪ್ರಮಾದ ಶುರುವಾಗುವುದು ಆ ಮಾತಿನಿಂದಲೇ.

ಹಾಗಾದರೆ ಏರ್ ಪಿಸ್ತೂಲೇಕೆ ಸಾಲದು ಎಂಬ ಆಕ್ಷೇಪ ಗಟ್ಟಿಯಾದದ್ದು. ಏಕಾಗ್ರತೆಯೇ ಬೇಕಿದ್ದರೆ ಹತ್ತು ಮೀಟರಿನ ಏರ್ ಪಿಸ್ತೂಲಿನಲ್ಲೂ ಅದು ಸಿಗುತ್ತದೆ, ನಮ್ಮ ದೇಶದ ಶೂಟರ್‌ಗಳು ಅದರಲ್ಲೂ ಒಲಿಂಪಿಕ್ ಪದಕ ತಂದಿದ್ದಾರೆ. ಶಿಸ್ತಿನ ಮಟ್ಟಿಗೆ ಈ ಆಕ್ಷೇಪವನ್ನು ನಾನು ಒಪ್ಪುತ್ತೇನೆ. ಆದರೆ ಹಳೆಯದನ್ನು ಹಿಡಿಯುವವನಿಗೆ ಶಿಸ್ತಿನ ಜೊತೆ ಇನ್ನೊಂದು ಸಂಬಂಧವಿದೆ: ಸತ್ತುಹೋದ ಕುಶಲಕರ್ಮಿಗಳ ಜೊತೆಗಿನದು. ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಕನೆಕ್ಟಿಕಟ್‌ನ ಕಾರ್ಖಾನೆಯೊಂದರಲ್ಲಿ ಯಾರೋ ಕೈಯಾರೆ ಅರದಿಂದ ಉಜ್ಜಿ ಕೂಡಿಸಿದ ಭಾಗಗಳು ತೊಂಬತ್ತು ವರ್ಷದ ಮೇಲೂ ಒಂದರೊಳಗೊಂದು ಸರಿಯಾಗಿ ಕೂರುತ್ತವೆ. ಅದು ನಡೆಯುತ್ತದೆಯೇ ಎಂದು ತಿಳಿಯಲು ಅದನ್ನು ನಡೆಸಲೇಬೇಕು. ಹಳೆಯ ವೀಣೆಯನ್ನು ಗೋಡೆಗೆ ನೇತುಹಾಕಿದರೆ ವೀಣೆ ಉಳಿದೀತು, ನಾದ ಉಳಿಯದು. ಈ ಕಾರಣ ಹಿಂಸೆಯ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ, ಅದು ನನಗೆ ಗೊತ್ತು; ಸಂತೋಷದ ಬೇರು ಎಲ್ಲಿದೆ ಎಂದಷ್ಟೇ ತೋರಿಸುತ್ತದೆ. ಆ ಬೇರು ರಕ್ತದಾಹದಲ್ಲಿ ಇಲ್ಲ ಎನ್ನುವುದು ನನ್ನ ವಾದಕ್ಕೆ ಸಾಕು.

ಸಂಗ್ರಹದ ವಿಷಯದಲ್ಲಿ ನಾನು ಇಷ್ಟು ಉದಾರನಾಗಲಾರೆ. ಅಮೆರಿಕದ ಕಾನೂನಿನಲ್ಲಿ ಐವತ್ತು ವರ್ಷ ದಾಟಿದ ಬಂದೂಕು ಸಂಗ್ರಹಯೋಗ್ಯ ವಸ್ತುವೆನಿಸುತ್ತದೆ, ಅಂಥವುಗಳ ಸಂಗ್ರಾಹಕರಿಗೆಂದೇ ಪ್ರತ್ಯೇಕ ಲೈಸೆನ್ಸಿದೆ. 1898 ಮತ್ತು ಅದಕ್ಕೆ ಹಿಂದಿನವು ಪುರಾತನ ವಸ್ತುಗಳೆನಿಸುತ್ತವೆ. ವರ್ಷ ಉರುಳಿದ ಹಾಗೆ ಗುಂಡಿನ ಶಕ್ತಿ ಇಳಿಯುವುದಿಲ್ಲವಲ್ಲ. ಜೈನ ಆಚಾರ್ಯ ಸಮಂತಭದ್ರನ ‘ರತ್ನಕರಂಡಕ ಶ್ರಾವಕಾಚಾರ’ ಗೃಹಸ್ಥನಿಗೆ ಬೇಡವೆನ್ನುವ ಅನರ್ಥದಂಡಗಳಲ್ಲಿ, ಅಂದರೆ ಪ್ರಯೋಜನವಿಲ್ಲದ ಪಾಪಕ್ರಿಯೆಗಳಲ್ಲಿ, ಹಿಂಸಾದಾನವೂ ಒಂದು: ಕೊಡಲಿ, ಕತ್ತಿ, ಬೆಂಕಿಯಂಥ ಕೊಲ್ಲುವ ಸಾಧನಗಳನ್ನು ಕಾರಣವಿಲ್ಲದೆ ಇನ್ನೊಬ್ಬರ ಕೈಗೆ ಹೋಗಗೊಡುವುದು. ಬೀಗವಿಲ್ಲದ ಕಪಾಟಿನಲ್ಲಿ ಪಿಸ್ತೂಲು ಇಡುವವನು ಯಾರಿಗೂ ಏನನ್ನೂ ಕೊಟ್ಟಿಲ್ಲ ಎಂದುಕೊಳ್ಳಬಹುದು. ಮನೆಯ ಮಗುವಿಗೆ, ಬದುಕಿನಿಂದ ಬೇಸತ್ತ ನೆಂಟನಿಗೆ ಅವನು ಅದನ್ನು ಕೊಟ್ಟೇ ಇಟ್ಟಿದ್ದಾನೆ. ಅಮೆರಿಕದಲ್ಲಿ ಬಂದೂಕಿನಿಂದಾಗುವ ಸಾವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಆತ್ಮಹತ್ಯೆಗಳು. ಹೆಸರು, ವರ್ಷ, ಗುಣ ಎಲ್ಲ ಅರಿತು, ಬೀಗ ಹಾಕಿ, ಆಗಾಗ ಹೊರತೆಗೆದು ನೋಡಿಕೊಳ್ಳಲು ಆಗುವಷ್ಟನ್ನು ಮಾತ್ರ ಇಟ್ಟುಕೊಳ್ಳುವುದು ಸರಿ. ಅದಕ್ಕಿಂತ ಒಂದು ಹೆಚ್ಚಾದರೂ ಅದು ಪರಿಗ್ರಹ, ಅಂದರೆ ಕೂಡಿಡುವ ಆಸೆ; ಹಳಮೆಯ ಪ್ರೀತಿ ಅದಕ್ಕೆ ಹೊದಿಕೆ.

ಇನ್ನು ಸಮಾಜದ ಆಕ್ಷೇಪ. 1996ರ ಮಾರ್ಚಿನಲ್ಲಿ ಸ್ಕಾಟ್‌ಲೆಂಡಿನ ಡನ್‌ಬ್ಲೇನ್ ಶಾಲೆಯಲ್ಲಿ ಒಬ್ಬ 16 ಮಕ್ಕಳನ್ನೂ ಅವರ ಶಿಕ್ಷಕಿಯನ್ನೂ ಕೊಂದ. ಮರುವರ್ಷ ಬ್ರಿಟನ್ ಮೊದಲು ದೊಡ್ಡ ಬೋರಿನ ಪಿಸ್ತೂಲುಗಳನ್ನು ನಿಷೇಧಿಸಿ .22ಗಳನ್ನು ಬಿಟ್ಟಿತು, ಅದೇ ವರ್ಷದ ಎರಡನೇ ಕಾಯ್ದೆ .22ಗಳನ್ನೂ ಸೇರಿಸಿಕೊಂಡಿತು. ಎಚ್ಚರದಿಂದಿದ್ದ, ಯಾರಿಗೂ ಕೇಡು ಬಗೆಯದ ಎಷ್ಟೋ ಜನ ತಮ್ಮ ಪಿಸ್ತೂಲುಗಳನ್ನು ಒಪ್ಪಿಸಬೇಕಾಯಿತು. ಅವರಿಗೆ ಅನ್ಯಾಯವಾಯಿತು ಎನ್ನಲು ನನ್ನ ಮನಸ್ಸು ಬರುವುದಿಲ್ಲ. ಒಬ್ಬನ ಸಂತೋಷ ನಿರ್ದೋಷವೆಂದ ಮಾತ್ರಕ್ಕೆ ಅದು ಹಕ್ಕಾಗುವುದಿಲ್ಲ. ಇತರರ ಪ್ರಮಾದವನ್ನು ತಡೆಯಲು ಬೇರೆ ದಾರಿ ಕಾಣದ ಸಮಾಜ ಆ ಸಂತೋಷವನ್ನು ಬಿಟ್ಟುಕೊಡು ಎಂದು ಕೇಳಬಹುದು. ಹಾಗೆ ಕೇಳಿದ್ದರಿಂದ ಆ ಸಂತೋಷವೇ ಪಾಪವಾಗಿತ್ತೆಂದೂ ಆಗುವುದಿಲ್ಲ. ನಮ್ಮಲ್ಲೇ ನೋಡಿದರೆ, ಕೊಡವರು ಸೆಪ್ಟೆಂಬರಿನ ಕೈಲ್‌ಪೊಳ್ದ್‌ ಹಬ್ಬದಲ್ಲಿ ಕೋವಿಗೆ ತೋಕ್‌ಪೂ ಎಂಬ ಹೂವು ಸಿಕ್ಕಿಸಿ ಪೂಜಿಸುತ್ತಾರೆ, ಸಾವಿನ ಸುದ್ದಿಯನ್ನು ಎರಡು ಗುಂಡು ಹಾರಿಸಿ ತಿಳಿಸುತ್ತಾರೆ. ಅವರಿಗೆ ಲೈಸೆನ್ಸಿನಿಂದ ಇರುವ ವಿನಾಯಿತಿಯನ್ನು ಕರ್ನಾಟಕ ಹೈಕೋರ್ಟ್ 2021ರಲ್ಲಿ ಎತ್ತಿಹಿಡಿಯಿತು. ಆಯುಧವನ್ನು ಮನೆಯ ಹಿರಿಯನಂತೆ ಕಾಣುವ ಕ್ರಮ ಅಲ್ಲಿ ತಲೆಮಾರುಗಳಿಂದ ಬಂದಿದೆ. ಆ ಕ್ರಮ ಇಲ್ಲದ ಕಡೆ ಕಾನೂನು ಬಿಗಿಯಾಗುವುದು ಸಹಜ. ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿ ಭಾರತದಲ್ಲಿ ಒಬ್ಬರು ಇಟ್ಟುಕೊಳ್ಳಬಹುದಾದ ಬಂದೂಕುಗಳನ್ನು ಮೂರರಿಂದ ಎರಡಕ್ಕೆ ಇಳಿಸಿದೆ. ಸಂಗ್ರಾಹಕನಿಗೆ ಇದು ಇಕ್ಕಟ್ಟು, ಆದರೂ ಎರಡನ್ನು ಚೆನ್ನಾಗಿ ಅರಿಯಲು ಒಂದು ಆಯುಷ್ಯ ಬೇಕು.

ಈ ಬರಹ ಓದುವವರ ಮನೆಯಲ್ಲಿ ಅಜ್ಜನೋ ಮಾವನೋ ಬಿಟ್ಟುಹೋದ ಹಳೆಯ ಪಿಸ್ತೂಲೋ ಕೋವಿಯೋ ಅಟ್ಟದ ಪೆಟ್ಟಿಗೆಯಲ್ಲಿ ಇರಬಹುದು. ಅದು ಕೆಟ್ಟಿದೆ, ತುಕ್ಕು ಹಿಡಿದಿದೆ, ಅದರಲ್ಲಿ ಗುಂಡಿಲ್ಲ ಎಂದು ನಂಬಬೇಡಿ. ಮಕ್ಕಳ ಕೈಗೆ ಆಟಕ್ಕೆ ಕೊಡಬೇಡಿ, ಗೋಡೆಗೆ ಅಂದಕ್ಕೆಂದು ನೇತುಹಾಕಬೇಡಿ. ಅದನ್ನು ಕಲಿತು ಕಾಪಾಡುವ ಮನಸ್ಸಿದ್ದರೆ ನಿಮ್ಮ ಹೆಸರಿಗೆ ಲೈಸೆನ್ಸ್ ಮಾಡಿಸಿ, ತಿಳಿದವರಿಂದ ಬಿಡಿಸಿ ಪರೀಕ್ಷಿಸಿ, ಕಾಡತೂಸನ್ನು ಬೇರೆ ಬೀಗದಲ್ಲಿಡಿ. ಮನಸ್ಸಿಲ್ಲದಿದ್ದರೆ ತಡ ಮಾಡದೆ ಹತ್ತಿರದ ಪೊಲೀಸ್ ಠಾಣೆಗೋ ಲೈಸೆನ್ಸ್ ಇರುವ ಬಂದೂಕು ವ್ಯಾಪಾರಿಗೋ ಒಪ್ಪಿಸಿ. 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಅದಕ್ಕೆ ಅವಕಾಶವಿದೆ.